ಯಾವ ತಳಿಗೆ ಯಾವ ಗುಣ? ನಾಯಿ ಸಾಕಿದವರು, ಸಾಕಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಧಾರವಾಡದಲ್ಲಿ. ಮನೆಯಲ್ಲಿ ಮಿಂಚು ಅಂತ ಐದು ವರ್ಷದ ಹೆಣ್ಣು ಮುಧೋಳ ಇದ್ದಾಳೆ. ಅವಳಿಗೂ ಮುಂಚೆ ಹದಿಮೂರು ವರ್ಷ ಬೆಳ್ಳಿ ಅನ್ನುವ ಪೊಮೇರಿಯನ್ ಇದ್ದಳು. ಬೆಂಗಳೂರಿನಲ್ಲಿರುವ ತಂಗಿ ಮನೆಯಲ್ಲಿ ಬ್ರೂನೋ ಅಂತ ಲ್ಯಾಬ್ರಡಾರ್, ಪಕ್ಕದ ಮನೆಯಲ್ಲಿ ಚಿಂಟು ಅನ್ನುವ ಡ್ಯಾಶ್‌ಹೌಂಡ್. ಬೆಳಿಗ್ಗೆ ವಾಕಿಂಗ್ ಹೋದರೆ ಜನ ನಿಲ್ಲಿಸಿ ಕೇಳುತ್ತಾರೆ. ನೆಂಟರು ಫೋನ್ ಮಾಡಿ ಕೇಳುತ್ತಾರೆ. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ತಳಿಗೊಂದು ಸ್ವಭಾವ ಅನ್ನುವುದು ನಿಜವಾ, ಇಲ್ಲ ಸಾಕಿದವರು ಹಾಗೆ ಅಂದುಕೊಳ್ಳುವುದಾ?

ನಿಜವೂ ಇದೆ, ನಾವು ಅಂದುಕೊಳ್ಳುವುದೂ ಇದೆ.

ಪ್ರತಿ ತಳಿಯ ಹಿಂದೆ ಒಂದು ಕಸುಬು ಇದೆ. ಒಂದನ್ನು ಕುರಿ ಕಾಯಲು ಬೆಳೆಸಿದರು, ಇನ್ನೊಂದನ್ನು ಬಿಲದೊಳಗೆ ನುಗ್ಗಲು, ಮತ್ತೊಂದನ್ನು ಬಿದ್ದ ಹಕ್ಕಿಯನ್ನು ಬಾಯಲ್ಲಿ ಎತ್ತಿ ತರಲು. ಕಸುಬಿಗೆ ಒಗ್ಗಿದ ನಾಯಿಯ ಮರಿಗಳನ್ನೇ ಉಳಿಸಿಕೊಳ್ಳುತ್ತಾ ಹೋದಾಗ ಆ ಗುಣ ರಕ್ತದಲ್ಲೇ ನಿಂತಿತು. ಈಗ ಕುರಿ ಇಲ್ಲ, ಬಿಲ ಇಲ್ಲ. ಗುಣ ಮಾತ್ರ ಸೋಫಾ ಮೇಲೆ ಮಲಗಿದೆ. ನಾವು ‘ನಮ್ಮ ನಾಯಿ ಹಾಗೆ ಮಾಡತ್ತೆ, ಹೀಗೆ ಮಾಡತ್ತೆ’ ಅಂತ ಅಕ್ಕರೆಯಿಂದ ಹೇಳಿಕೊಳ್ಳುವುದರಲ್ಲಿ ಒಂದಿಷ್ಟು ಆ ಹಳೇ ಕಸುಬಿನ ಕಥೆಯೇ.

ಆದರೆ ಇದನ್ನೇ ಜಾತಕದ ಹಾಗೆ ನಂಬಬೇಡಿ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರನ್ನೇ ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ ನೋಡಿದ್ದರು. ನಾಯಿ ನಾಯಿಗೂ ನಡತೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ಬರುವುದು ಸುಮಾರು 9% ಮಾತ್ರ ಅಂತ ಅದರಲ್ಲಿ ಕಂಡುಬಂತು. ಉಳಿದದ್ದು ಆ ನಾಯಿಯ ಸ್ವಂತದ್ದು, ಬೆಳೆದ ರೀತಿಯದು, ಮನೆಯದು. ತಳಿ ನೋಡಿ ಮರಿ ತನ್ನಿ, ತಪ್ಪಿಲ್ಲ. ಮನೆಗೆ ಬಂದ ಮೇಲೆ ಆ ನಾಯಿಯನ್ನೇ ನೋಡಿ.

ಮುಧೋಳ ನಾಯಿಗೆ ಪ್ರೀತಿ ಕಮ್ಮಿ ಅಂತಾರೆ. ಹೌದಾ?

ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ.

ಮುಧೋಳ ಪ್ರೀತಿ ತೋರಿಸುವ ರೀತಿ ಬೇರೆ. ಮಿಂಚು ಮೈಮೇಲೆ ಹಾರುವುದಿಲ್ಲ, ಮುಖ ನೆಕ್ಕುವುದಿಲ್ಲ. ಸುಮ್ನೆ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ನಿಂತು ತನ್ನ ಮೈಯ ಭಾರವನ್ನು ನನ್ನ ಮೊಣಕಾಲಿಗೆ ಆನಿಸುತ್ತಾಳೆ. ಅಷ್ಟೇ. ನಾನು ಸ್ವಲ್ಪ ಸರಿದರೆ ಅವಳೂ ಸರಿದು ಮತ್ತೆ ಆನಿಸುತ್ತಾಳೆ. ಮನೆಗೆ ಯಾರಾದರೂ ಬಂದರೆ ದೂರದಲ್ಲೇ ನಿಂತು ನೋಡುತ್ತಾಳೆ. ಅವರು ಕೈಚಾಚಿದರೆ ಹಿಂದೆ ಸರಿಯುತ್ತಾಳೆ. ಮೂರನೇ ಸಲ, ನಾಲ್ಕನೇ ಸಲ ಬಂದಾಗ ತಾನಾಗಿಯೇ ಹೋಗಿ ಅವರ ಅಂಗೈ ಮೂಸುತ್ತಾಳೆ. ಆ ನಂಬಿಕೆ ಗಳಿಸಿದವರಿಗೆ ಗೊತ್ತು ಅದರ ಬೆಲೆ.

ಇದಕ್ಕೂ ಕಾರಣ ಕಸುಬೇ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ಒಡೆಯನ ಅಪ್ಪಣೆಗೆ ಕಾಯದೆ ತಾನೇ ತೀರ್ಮಾನ ಮಾಡಿ ಓಡಬೇಕು. ಅಂಥ ನಾಯಿ ಕ್ಷಣಕ್ಷಣಕ್ಕೂ ನಿಮ್ಮ ಮುಖ ನೋಡುತ್ತಾ ಕೂರುವುದಿಲ್ಲ. ಕೆಲಗೇರಿ ಕೆರೆ ಕಡೆ ಹೋದಾಗ ಬೇಲಿಯಾಚೆ ಬೆಕ್ಕು ಕಂಡಿತು ಅನ್ನಿ. ಮಿಂಚು ಬೊಗಳುವುದಿಲ್ಲ. ಮೊದಲು ಕಿವಿ ಬುಡದಿಂದ ಏಳುತ್ತದೆ. ಕತ್ತು ಉದ್ದವಾಗುತ್ತದೆ. ಮುಂಗಾಲು ಒಂದು ಗಾಳಿಯಲ್ಲೇ ನಿಂತುಬಿಡುತ್ತದೆ. ಆಮೇಲೆ ತೊಡೆಯ ಚರ್ಮದ ಕೆಳಗೆ ಸಣ್ಣ ನಡುಕ ಓಡುತ್ತದೆ. ಆ ನಡುಕ ಕಂಡ ಕೂಡಲೇ ಬೆಲ್ಟನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತೇನೆ. ಒಂದು ಸಲ ಕೈ ತಪ್ಪಿತು ಅಂದರೆ ಕರೆದರೂ ಕೇಳಿಸುವುದಿಲ್ಲ. ರಸ್ತೆ ಹತ್ತಿರ ಮುಧೋಳವನ್ನು ಬಿಚ್ಚಿ ಬಿಡಲೇಬೇಡಿ. ಸುತ್ತ ಬೇಲಿ ಇರುವ ಬಯಲಿದ್ದರೆ ಬಿಡಿ. ಅವಳು ಓಡುವುದನ್ನು ನೋಡಲಿಕ್ಕೇ ನಾನು ಬೆಳಿಗ್ಗೆ ಐದೂವರೆಗೆ ಏಳುತ್ತೇನೆ.

ಮುಧೋಳದ ಪಕ್ಕೆಲುಬು ಕಾಣುತ್ತದಲ್ಲ, ಊಟ ಸಾಲುತ್ತಿಲ್ಲವಾ?

‘ಏನ್ರೀ, ನಾಯಿಗೆ ಊಟ ಹಾಕಂಗಿಲ್ಲೇನ್ರೀ?’ ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಹಾಕುತ್ತೇವೆ. ಜೋಳದ ನುಚ್ಚು, ಮೊಟ್ಟೆ, ಮೊಸರು, ವಾರಕ್ಕೆ ಎರಡು ಮೂರು ಸಲ ಕೋಳಿ. ಈ ತಳಿಯ ಮೈಕಟ್ಟೇ ಹಾಗೆ. ಎದೆ ಆಳ, ಹೊಟ್ಟೆ ಒಳಗೆ, ಮೈಯಲ್ಲಿ ಕೊಬ್ಬು ಕಮ್ಮಿ. ಕೊನೆಯ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಂಡರೆ ಸರಿಯಾಗಿದೆ ಅಂತಲೇ ಅರ್ಥ. ಬೆನ್ನುಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದು ಕಂಡರೆ ಡಾಕ್ಟರಿಗೆ ತೋರಿಸಿ.

ಕೊಬ್ಬು ಕಮ್ಮಿ ಇರುವುದರಿಂದ ಚಳಿ ತಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ಅವ್ವನ ಕೌದಿಯೊಳಗೆ ಮೂತಿ ತೂರಿಸಿ, ಒಂದು ಸುತ್ತು ಸುತ್ತಿ, ಪೂರಾ ಒಳಗೆ ಸೇರಿಕೊಳ್ಳುತ್ತಾಳೆ. ಹೊರಗೆ ಬಾಲದ ತುದಿ ಮಾತ್ರ. ಇನ್ನೊಂದು ಮಾತು. ಆಪರೇಷನ್ ಏನಾದರೂ ಇದ್ದರೆ ಅರಿವಳಿಕೆ ಕೊಡುವ ಮುಂಚೆ ‘ಇದು ಮುಧೋಳ, ಗ್ರೇಹೌಂಡ್ ಥರದ್ದು’ ಅಂತ ಡಾಕ್ಟರಿಗೆ ನೆನಪಿಸಿ. ಮೈಯಲ್ಲಿ ಕೊಬ್ಬಿಲ್ಲದ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿ ಬೇಗ ಇಳಿಯುವುದಿಲ್ಲ.

ಒಳ್ಳೆಯ ಮುಧೋಳ ಮರಿ ಎಲ್ಲಿ ಸಿಗುತ್ತದೆ?

ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲೇ. ಅಲ್ಲಿ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಸುತ್ತಲ ಹಳ್ಳಿಗಳಲ್ಲಿ ತಲೆಮಾರುಗಳಿಂದ ಸಾಕಿಕೊಂಡು ಬಂದ ಮನೆಗಳೂ ಇವೆ. ಬೇಟೆಗಾರರ ಹತ್ತಿರ ಉಳಿದಿದ್ದ ಈ ನಾಯಿಗಳನ್ನು ಗುರುತಿಸಿ, ಆರಿಸಿ ಬೆಳೆಸಿದವರು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮಿಂಚು ಮನೆಗೆ ಬಂದ ವರ್ಷ ಆ ಚೀಟಿಯನ್ನು ಹುಡುಕಿ ತಂದು ಫ್ರೇಮ್ ಹಾಕಿಸಿದ್ದೇನೆ. ಟಿವಿ ಪಕ್ಕದಲ್ಲಿದೆ.

ನಮ್ಮ ಲ್ಯಾಬ್ ಎಷ್ಟು ತಿಂದರೂ ಇನ್ನೂ ಬೇಕು ಅಂತ ನೋಡುತ್ತದೆ. ನಿಜವಾಗಿ ಹಸಿವಾ?

ಹೌದು, ಕೆಲವಕ್ಕೆ ನಿಜವಾಗಿಯೂ ಹಸಿವು. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಪಿಒಎಂಸಿ ಅನ್ನುವ ಜೀನ್‌ನಲ್ಲಿ ಒಂದು ತುಣುಕು ಬಿಟ್ಟುಹೋಗಿರುವುದನ್ನು ಕಂಡುಹಿಡಿದರು. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವ ದಾರಿಯಲ್ಲಿ ಈ ಜೀನ್‌ಗೆ ಕೆಲಸವಿದೆ. ಅವರು ನೋಡಿದ ಲ್ಯಾಬ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಈ ಬದಲಾವಣೆ ಇತ್ತು. ಹಾಗಾಗಿ ‘ಹೊಟ್ಟೆಬಾಕ’ ಅಂತ ಬೈಯಬೇಡಿ, ಪಾಪ. ಅದರ ತಪ್ಪಲ್ಲ.

ಹಾಗಂತ ಕೇಳಿದಷ್ಟು ಹಾಕಬೇಡಿ. ಬ್ರೂನೋಗೆ ಸೌತೆಕಾಯಿ ಹೆಚ್ಚುವ ಸದ್ದಿಗೂ ಈರುಳ್ಳಿ ಹೆಚ್ಚುವ ಸದ್ದಿಗೂ ಇರುವ ವ್ಯತ್ಯಾಸ ಗೊತ್ತು. ಈರುಳ್ಳಿಗೆ ಏಳುವುದಿಲ್ಲ. ಸೌತೆಕಾಯಿಗೆ ಮೂರನೇ ಕೋಣೆಯಿಂದ ಬಂದು, ಅಡುಗೆಮನೆ ಹೊಸ್ತಿಲಿಗೆ ಗಲ್ಲ ಇಟ್ಟು ಕೂರುತ್ತಾನೆ. ಜೊಲ್ಲು ನೆಲಕ್ಕೆ ತಾಗುವ ತನಕ ನೋಡುತ್ತಾನೆ. ತಂಗಿ ಕರಗಿಹೋಗುತ್ತಾಳೆ. ಒಂದು ಕಾಲದಲ್ಲಿ ಬ್ರೆಡ್ಡು, ಬಿಸ್ಕತ್ತು, ಮಿಕ್ಕಿದ ಚಪಾತಿ ಎಲ್ಲ ಹಾಕಿದ್ದಳು. ನಾಲ್ಕನೇ ವರ್ಷಕ್ಕೆ ಅವನಿಗೆ ಮೆಟ್ಟಿಲು ಹತ್ತಲು ಕಷ್ಟವಾಯಿತು. ಈಗ ಊಟ ಅಳೆದು ಹಾಕುತ್ತಾಳೆ, ಮಧ್ಯೆ ಸೌತೆಕಾಯಿ, ಗಜ್ಜರಿ. ಮತ್ತೆ ಓಡಾಡುತ್ತಾನೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾವ ನಾಯಿಗೂ ಕೊಡಬೇಡಿ. ವಿಷ.

ಲ್ಯಾಬ್ ಸಾಕಿದವರ ಮುಖದಲ್ಲಿ ಒಂದು ಬೇರೆ ಥರದ ನೆಮ್ಮದಿ ಇರುತ್ತದೆ. ಅವರ ನಾಯಿಗೆ ಲೋಕದಲ್ಲಿ ಯಾರೂ ಪರಕೀಯರಲ್ಲ. ನ್ಯೂಫೌಂಡ್‌ಲೆಂಡ್‌ನ ಮೀನುಗಾರರ ಜೊತೆ ದೋಣಿಯಲ್ಲಿ ಕೆಲಸ ಮಾಡಿದ ನಾಯಿಗಳ ವಂಶ ಅದು. ಜನರ ನಡುವೆ ಇರುವುದೇ ಅದಕ್ಕೆ ಬದುಕು. ಬಾಯಿ ಮೆತ್ತಗೆ. ಹೊಡೆದ ಬಾತುಕೋಳಿಯನ್ನು ಹಲ್ಲು ತಾಗಿಸದೆ ತಂದುಕೊಡಬೇಕಿತ್ತಲ್ಲ. ಬ್ರೂನೋ ದಿನಾ ತಂಗಿಯ ಚಪ್ಪಲಿ ಹೊತ್ತು ತಂದು ಬಾಗಿಲಲ್ಲಿ ನಿಲ್ಲುತ್ತಾನೆ. ಒಂದು ಹಲ್ಲಿನ ಗುರುತೂ ಇರುವುದಿಲ್ಲ.

ಇಷ್ಟುದ್ದ ಇರುವ ಡ್ಯಾಶ್‌ಹೌಂಡ್‌ಗೆ ಇಷ್ಟು ಧಿಮಾಕು ಎಲ್ಲಿಂದ ಬಂತು?

ಬಿಲದಿಂದ. ಜರ್ಮನ್ ಭಾಷೆಯಲ್ಲಿ ‘ಡಾಕ್ಸ್’ ಅಂದರೆ ಬ್ಯಾಜರ್ ಅನ್ನುವ, ಬಿಲದಲ್ಲಿರುವ ಪ್ರಾಣಿ. ‘ಹುಂಡ್’ ಅಂದರೆ ನಾಯಿ. ಕತ್ತಲ ಬಿಲದೊಳಗೆ ಒಬ್ಬನೇ ಹೋಗಿ, ತನಗಿಂತ ಬಲವಾದ ಉಗುರಿರುವ ಪ್ರಾಣಿಯನ್ನು ಎದುರಿಸಬೇಕಿತ್ತು. ಮೇಲೆ ನಿಂತ ಬೇಟೆಗಾರನಿಗೆ ನೆಲದೊಳಗಿಂದ ಕೇಳುವ ಹಾಗೆ ಬೊಗಳಬೇಕಿತ್ತು. ಅಂಜುಬುರುಕ ನಾಯಿಗೆ ಆ ಕೆಲಸ ಆಗುತ್ತದಾ? ಪಕ್ಕದ ಮನೆಯ ಚಿಂಟು ಗ್ಯಾಸ್ ಸಿಲಿಂಡರ್ ತರುವವರ ಮೇಲೆ ಬೊಗಳುವಾಗ ಆ ಗಂಟಲಿನ ಗಾತ್ರ ನೋಡಿ, ಮೈಗಿಂತ ದೊಡ್ಡದು.

ಅದರ ಹಟವನ್ನು ಪ್ರೀತಿಸಿ, ಬೆನ್ನನ್ನು ಕಾಪಾಡಿ. ಉದ್ದ ಬೆನ್ನು, ಗಿಡ್ಡ ಕಾಲು. ಬೆನ್ನುಮೂಳೆಯ ಡಿಸ್ಕ್ ಜಾರುವುದು ಈ ತಳಿಗೆ ಜಾಸ್ತಿ. ಮಂಚದಿಂದ ಧುಮುಕಲು ಬಿಡಬೇಡಿ. ಎತ್ತುವಾಗ ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ. ತೂಕ ಏರಲು ಬಿಡಬೇಡಿ.

ಜರ್ಮನ್ ಶೆಫರ್ಡ್ ಬಾತ್‌ರೂಮಿನ ಬಾಗಿಲ ತನಕ ಹಿಂದೆ ಬರುತ್ತದೆ. ಇದು ಸರಿಯಾ?

ಸರಿ. ಅದು ಕುರಿ ಕಾಯುವ ನಾಯಿ, ನೀವು ಅದರ ಮಂದೆ. 1899ರಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನುವ ಜರ್ಮನ್ ಸೇನಾಧಿಕಾರಿ ಕುರಿಗಾಹಿಗಳ ನಾಯಿಗಳಿಂದಲೇ ಈ ತಳಿಯನ್ನು ಕಟ್ಟಿದರು. ಸಂಜೆ ಮನೆಯವರು ಒಂದೊಂದು ಕೋಣೆಯಲ್ಲಿದ್ದರೆ ಅದಕ್ಕೆ ಸಮಾಧಾನ ಇಲ್ಲ. ಕೋಣೆಯಿಂದ ಕೋಣೆಗೆ ಸುತ್ತಿ ಎಣಿಸುತ್ತಲೇ ಇರುತ್ತದೆ. ಎಲ್ಲರೂ ಊಟಕ್ಕೆ ಒಟ್ಟಿಗೆ ಕೂತಾಗ ದೊಡ್ಡ ಉಸಿರು ಬಿಟ್ಟು ಮಲಗುತ್ತದೆ. ನಮ್ಮ ಕಡೆ ಹಳಬರು ಇದನ್ನು ಈಗಲೂ ಅಲ್ಸೇಶಿಯನ್ ಅಂತಲೇ ಕರೆಯುವುದು. ಒಂದೇ ನಾಯಿ.

ನೀವು ಹೊರಗೆ ಹೋದಾಗ ಕೂಗಿ ರಂಪ ಮಾಡಿದರೆ, ಬಾಗಿಲು ಕೆರೆದರೆ ಮಾತ್ರ ಚಿಂತೆಯ ವಿಷಯ. ಮರಿ ಇದ್ದಾಗಿಂದಲೇ ಹತ್ತು ನಿಮಿಷ, ಇಪ್ಪತ್ತು ನಿಮಿಷ ಒಂಟಿಯಾಗಿರುವುದನ್ನು ರೂಢಿ ಮಾಡಿಸಿ. ದಿನವಿಡೀ ಕಟ್ಟಿಹಾಕುವುದಾದರೆ ಈ ತಳಿ ತರಲೇಬೇಡಿ.

ನಮ್ಮ ಪೊಮೇರಿಯನ್ ಯಾಕೆ ಇಷ್ಟು ಬೊಗಳುತ್ತದೆ?

ಅದರ ಕಣ್ಣಿಗೆ ಮನೆ ಕಾಯುವುದು ಅದರದೇ ಕೆಲಸ. ನಾವು ಪೊಮೇರಿಯನ್ ಅನ್ನುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ನಿಜವಾಗಿ ಇಂಡಿಯನ್ ಸ್ಪಿಟ್ಜ್. ನಮ್ಮ ಸೆಖೆಗೆ ಚೆನ್ನಾಗಿ ಹೊಂದಿಕೊಂಡಿವೆ. ಬೆಳ್ಳಿಗೆ ಗೇಟಿನ ಚಿಲಕದ ಸದ್ದಿಗೆ ಒಂದು ಬೊಗಳು, ಅಪ್ಪನ ಸ್ಕೂಟರಿಗೆ ಇನ್ನೊಂದು, ಮಂಗಗಳಿಗೆ ಮತ್ತೊಂದು ಇತ್ತು. ಒಳಗೆ ಕೂತೇ ‘ಮಂಗ ಬಂದಾವ’ ಅಂತ ಅವ್ವ ಒಣಹಾಕಿದ ಹಪ್ಪಳ ಎತ್ತಲು ಓಡುತ್ತಿದ್ದಳು. ಬೊಗಳಿದಾಗ ಗದರಬೇಡಿ, ಒಮ್ಮೆ ಎದ್ದು ಹೋಗಿ ನೋಡಿ ‘ಸಾಕು, ನೋಡಿದೆ’ ಅನ್ನಿ. ನಮ್ಮ ಮನೆಯಲ್ಲಿ ಇದು ಕೆಲಸ ಮಾಡಿತು.

ಪಗ್ ಮತ್ತು ಹಸ್ಕಿ?

ಎರಡೂ ಮುದ್ದು. ಎರಡನ್ನೂ ತರಬೇಡಿ ಅಂತಲೇ ನನ್ನ ಮಾತು.

2003ರಲ್ಲಿ ಹಚ್ ಅನ್ನುವ ಮೊಬೈಲ್ ಕಂಪನಿಯ, ಪಗ್ ಇದ್ದ ಜಾಹೀರಾತು ಬಂದ ಮೇಲೆ ಮನೆಮನೆಗೆ ಪಗ್ ಬಂತು. ಅದರ ಮನಸ್ಸು ಬಂಗಾರ. ಆದರೆ ಚಪ್ಪಟೆ ಮುಖದಿಂದಾಗಿ ಉಸಿರಾಟವೇ ಅದಕ್ಕೆ ದಿನನಿತ್ಯದ ಕೆಲಸ. ಗೊರಕೆ ಮುದ್ದಾಗಿ ಕೇಳುತ್ತದೆ, ಅದು ಉಸಿರಿಗೆ ಕಷ್ಟಪಡುವ ಸದ್ದು. ಹಸ್ಕಿ ಸೈಬೀರಿಯಾದ ಚುಕ್ಚಿ ಜನರ ಹಿಮಗಾಡಿ ಎಳೆದ ನಾಯಿ, ಮೈಮೇಲೆ ಎರಡು ಪದರ ಕೂದಲು. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಬಿಸಿಲು ನೆನೆಸಿಕೊಳ್ಳಿ. ಈಗಾಗಲೇ ಮನೆಯಲ್ಲಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ. ಹಗಲು ತಂಪಾದ ಕೋಣೆ, ಬಿಸಿಲೇರುವ ಮುಂಚೆ ವಾಕಿಂಗ್, ಹಸ್ಕಿಯ ಕೂದಲನ್ನು ಬೋಳಿಸಬೇಡಿ, ಬಾಚಿ. ಕಷ್ಟಪಡುವ ಇನ್ನೊಂದು ಮರಿಯನ್ನು ಮಾತ್ರ ಕೊಳ್ಳಬೇಡಿ.

ಜವಾರಿ ನಾಯಿಗೆ ತಳಿಯೇ ಇಲ್ಲವಲ್ಲ, ಅದರ ಸ್ವಭಾವ ಹೇಗೆ ತಿಳಿಯುವುದು?

ತಳಿ ಇಲ್ಲ ಅನ್ನಬೇಡಿ. ಜವಾರಿ ಅನ್ನಿ, ನಾಟಿ ಅನ್ನಿ, ಬೀದಿ ನಾಯಿ ಅನ್ನಿ, ಯಾರೂ ಆರಿಸದೆ, ತನ್ನ ಬುದ್ಧಿಯಿಂದಲೇ ಸಾವಿರಾರು ವರ್ಷ ಮನುಷ್ಯನ ಹಿತ್ತಲಲ್ಲಿ ಬದುಕಿದ ನಾಯಿ ಅದು. ಅದರ ಕಸುಬು ನಮ್ಮನ್ನು ಓದುವುದು. ಯಾರು ಕಲ್ಲು ಎತ್ತುತ್ತಾರೆ, ಯಾರು ರೊಟ್ಟಿ ಎಸೆಯುತ್ತಾರೆ ಅಂತ ಕೈ ಮೇಲೇಳುವ ಮೊದಲೇ ಅದಕ್ಕೆ ಗೊತ್ತು. ನಮ್ಮ ಓಣಿಯ ಕೆಂಚ ಮಳೆಗಾಲದಲ್ಲಿ ಕಿರಾಣಿ ಅಂಗಡಿ ಕಟ್ಟೆ ಮೇಲೆ ಮಲಗುತ್ತಾನೆ. ಅಂಗಡಿಯವರು ಶಟರ್ ಎಳೆಯುವ ಹೊತ್ತಿಗೆ ಎದ್ದು, ಅವರ ಜೊತೆ ಮನೆ ತಿರುವಿನ ತನಕ ನಡೆದು, ಅಲ್ಲಿಂದ ವಾಪಸ್ ಬರುತ್ತಾನೆ. ದಿನಾ. ಯಾರೂ ಕಲಿಸಿದ್ದಲ್ಲ.

ಕಾಯಿಲೆ ಕಮ್ಮಿ, ಖರ್ಚು ಕಮ್ಮಿ, ನಮ್ಮ ಹವೆಗೆ ಹುಟ್ಟಿದ್ದು. ಮೊದಲ ಸಲ ನಾಯಿ ಸಾಕುವವರು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ. ರೇಬಿಸ್ ಚುಚ್ಚುಮದ್ದು ಮೂರನೇ ತಿಂಗಳಿಗೆ ಹಾಕಿಸಿ, ಆಮೇಲೆ ಪ್ರತಿ ವರ್ಷ. ಇದು ಎಲ್ಲ ನಾಯಿಗಳಿಗೂ.

ಅಪಾರ್ಟ್‌ಮೆಂಟಿಗೆ ಯಾವ ತಳಿ ಒಳ್ಳೆಯದು?

ಮನೆಯ ಅಳತೆಗಿಂತ ನಿಮ್ಮ ದಿನದ ಅಳತೆ ನೋಡಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೊಡಬಲ್ಲಿರಾದರೆ ಲ್ಯಾಬ್ ಕೂಡ ಎರಡು ಕೋಣೆಯ ಮನೆಯಲ್ಲಿ ಸುಖವಾಗಿರುತ್ತದೆ. ಹಗಲೆಲ್ಲ ಮನೆಗೆ ಬೀಗ ಹಾಕಿರುವುದಾದರೆ ಯಾವ ತಳಿಯೂ ಒಳ್ಳೆಯದಲ್ಲ.

ಕೆಲವು ತಳಿಗಳನ್ನು ಸರ್ಕಾರ ನಿಷೇಧಿಸಿದೆ ಅಂತ ಕೇಳಿದ್ದೆವು?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಿದ್ದರೂ ಬಲವಾದ ದವಡೆಯ ನಾಯಿಯನ್ನು ಮೊದಲ ನಾಯಿಯಾಗಿ ತರಬೇಡಿ. ಅನುಭವ ಬೇಕು, ತರಬೇತಿ ಬೇಕು, ಹೊರಗೆ ಹೋದಾಗ ಬಾಯಿಕುಕ್ಕೆ ಬೇಕು. ನಿಮ್ಮ ನಾಯಿ ನಿಮಗೆ ಮಗುವಿನ ಹಾಗಿರಬಹುದು. ಎದುರು ಬರುವ ಅಜ್ಜಿಗೆ ಅದು ಗೊತ್ತಿರುವುದಿಲ್ಲ.

ಮರಿ ತರುವಾಗ ಏನು ನೋಡಬೇಕು?

ತಾಯಿಯನ್ನು ನೋಡಬೇಕು. ಇದೊಂದು ಮಾತನ್ನು ಬಿಡಬೇಡಿ. ಸ್ವಭಾವ ಸ್ವಲ್ಪ ತಾಯಿಯಿಂದ ಬರುತ್ತದೆ, ಸ್ವಲ್ಪ ತಾಯಿ ಜೊತೆ ಕಳೆದ ದಿನಗಳಿಂದ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಅಂತ 2017ರ ನಿಯಮವೇ ಇದೆ. ಬ್ರೂನೋನನ್ನು ತಂಗಿ ತಂದಿದ್ದು ಮೂವತ್ತೈದು ದಿನದವನಿದ್ದಾಗ. ಮಾರಿದವರು ಎರಡು ತಿಂಗಳು ಅಂದಿದ್ದರು, ತಾಯಿಯನ್ನು ತೋರಿಸಲಿಲ್ಲ. ಮೊದಲ ವಾರ ರಾತ್ರಿಯಿಡೀ ಅತ್ತ. ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ ಕಲಿಯಬೇಕಿತ್ತು. ಅದನ್ನು ಕಲಿಸಲು ತಂಗಿಗೆ ಒಂದು ವರ್ಷ ಹಿಡಿಯಿತು. ತಾಯಿಯನ್ನು ತೋರಿಸದಿದ್ದರೆ ಮರಿ ಎಷ್ಟೇ ಚೆಂದ ಇರಲಿ, ಎದ್ದು ಬನ್ನಿ.

ನಾಯಿಗೆ ‘ಅವಳು’, ‘ಅವನು’ ಅಂತೀರಲ್ಲ?

ಮೊದಲ ತಿಂಗಳು ಎಲ್ಲರೂ ‘ಅದು’ ಅನ್ನುತ್ತಾರೆ. ಮನೆಯೊಳಗೆ ನಾಯಿ ಬೇಡ ಅಂದಿದ್ದ ಅವ್ವ ಈಗ ಊಟಕ್ಕೆ ಕೂರುವ ಮುಂಚೆ ‘ಅಕಿ ಉಂಡ್ಳೇನು?’ ಅಂತ ಕೇಳುತ್ತಾಳೆ.

ನಾಯಿಯ ಗುಣಕ್ಕೆ ಹೀಗೆ ಮಾರುಹೋಗುವುದು ಈಗಿನ ಕಾಲದ ಶೋಕಿ ಅಲ್ವಾ?

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರು ಶಾಸನ ನೋಡಿ ಬನ್ನಿ. ಕ್ರಿ.ಶ. 949-50ರದ್ದು. ಸಿಕ್ಕಿದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಗಂಗರ ದೊರೆ ಎರಡನೇ ಬೂತುಗನ ಕಡೆಯ ವೀರ ಮಣಲರತ. ಅವನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಒಂದು ನಾಯಿಯನ್ನು. ಹೆಸರು ಕಾಳಿ. ಆಮೇಲೆ ಆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಊರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು.

ಕಲ್ಲಿನ ಮೇಲೆ ಹಂದಿ ಮತ್ತು ನಾಯಿ ಎದುರುಬದುರಾಗಿವೆ. ನಾನು ತುಂಬ ಹೊತ್ತು ನಿಂತು ನೋಡಿದೆ. ಯುದ್ಧ ಗೆದ್ದವರ ಹೆಸರಿನ ಪಕ್ಕದಲ್ಲೇ ಒಂದು ನಾಯಿಯ ಹೆಸರನ್ನು ಕೆತ್ತಿಸಿದ ಆ ಮನುಷ್ಯ ನನಗೆ ಚೆನ್ನಾಗಿ ಪರಿಚಯದವನ ಹಾಗೆ ಅನಿಸಿದ.

ಇದ್ದ ನಾಯಿ ಹೋಯಿತು. ಅದೇ ತಳಿಯ ಮರಿ ತರಬಹುದಾ?

ತರಬಹುದು. ಆದರೆ ಹೋದದ್ದೇ ತಿರುಗಿ ಬಂತು ಅಂತ ತರಬೇಡಿ. ಬೆಳ್ಳಿ ಹೋದ ಮೇಲೆ ಎರಡು ವರ್ಷ ನಮಗೆ ಬೇರೆ ನಾಯಿ ಬೇಡವಾಗಿತ್ತು. ಇನ್ನೊಂದು ಬಿಳಿ ನಾಯಿ ತಂದರೆ ಅದು ಮಂಗ ಬಂದಾಗ ಬೊಗಳದಿದ್ದರೆ ಅವ್ವನಿಗೆ ಬೇಜಾರಾಗುತ್ತದೆ, ಬೊಗಳಿದರೆ ಇನ್ನೂ ಬೇಜಾರಾಗುತ್ತದೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಮುಧೋಳ ತಂದೆವು. ಮಿಂಚು ಮಂಗಗಳನ್ನು ನೋಡಿ ಬೊಗಳುವುದಿಲ್ಲ, ಸದ್ದಿಲ್ಲದೆ ಅಂಗಳದ ನಡುವೆ ಹೋಗಿ ನಿಲ್ಲುತ್ತಾಳೆ. ಮಂಗಗಳು ಹೋಗುತ್ತವೆ. ಬೇರೆಯವರು ಅದೇ ತಳಿ ತಂದು ಸಮಾಧಾನ ಕಂಡಿದ್ದನ್ನೂ ನೋಡಿದ್ದೇನೆ. ಹೊಸ ಮರಿಗೆ ಹೊಸ ಹೆಸರು, ಹೊಸ ತಟ್ಟೆ ಕೊಡಿ.

ಹೆಸರು ಎಂಥದ್ದಿಡಬೇಕು?

ಎರಡು ಅಕ್ಷರದ್ದು, ದೂರಕ್ಕೆ ಕೂಗಿದರೂ ಒಡೆಯದಂಥದ್ದು. ನಿಮ್ಮ ಮನೆಯಲ್ಲಿ ದಿನಾ ಹೇಳುವ ಅಪ್ಪಣೆಯ ಮಾತಿಗೆ ಹತ್ತಿರ ಇರಬಾರದು. ‘ಬೇಡ’ ಅಂತ ಗದರುವ ಮನೆಯಲ್ಲಿ ‘ಬೇಬಿ’ ಅಂತ ಹೆಸರಿಟ್ಟರೆ ಆ ಮರಿಗೆ ತನ್ನನ್ನು ಕರೆದರೋ ಬೈದರೋ ತಿಳಿಯುವುದಿಲ್ಲ. ಮಿಂಚುಗೆ ನಾವು ಮೊದಲು ಇಟ್ಟಿದ್ದು ‘ಬಾನು’ ಅಂತ. ಯಾರಿಗೆ ‘ಬಾ’ ಅಂದರೂ ಓಡಿ ಬರುತ್ತಿದ್ದಳು. ಹತ್ತು ದಿನಕ್ಕೆ ಬದಲಾಯಿಸಿದೆವು. ಮರಿ ಹೊಸ ಹೆಸರನ್ನು ಒಂದು ವಾರದಲ್ಲಿ ಕಲಿಯುತ್ತದೆ, ಕರೆದಾಗಲೆಲ್ಲ ಕೈಯಲ್ಲಿ ಒಂದು ಚೂರು ರೊಟ್ಟಿ ಇದ್ದರೆ ಸಾಕು.